ಗಾಜಿನ ಆಚೆ ಅತ್ತೆ

ಸೆಪ್ಟೆಂಬರ್ ೨೫, ಬೆಳಿಗ್ಗೆ

ಪಲ್ಯ ಇಳಿಸಿದೆ. ಅತ್ತೆ ಚಂದ್ರಾಬಾಯಿ ಆಗಲೇ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾರೆ. ದಸರಾ ರಜೆ. ಹೈದರಾಬಾದಿನಿಂದ ಬೀದರ್ ಕೋಟೆ ನೋಡಲು ಹೊರಟ ಕಾರುಗಳೆಲ್ಲ ಕೊಹೀರ್ ಕ್ರಾಸಿನಲ್ಲಿ, ನಮ್ಮ ಖಾನಾವಳಿ ಮುಂದೆ ನಿಲ್ಲುತ್ತಿವೆ. ಯಾರೋ ಹುಡುಗಿ ಅತ್ತೆಯ ವಿಡಿಯೋ ಹಾಕಿದ್ದಳಂತೆ. ಅತ್ತೆಗೆ ಒಳಗೊಳಗೇ ಖುಷಿ. ನನಗೂ. ಅವರ ಮಗ, ನನ್ನ ಗಂಡ, ತೀರಿಕೊಂಡ ಮೇಲೆ ಈ ಒಲೆಯೇ ನಮ್ಮಿಬ್ಬರನ್ನು ಸಾಕಿದ್ದು.

ಸೆಪ್ಟೆಂಬರ್ ೨೮

ಕುರಿ ಕಾಯುವ ಯಂಕಪ್ಪ ಎಂದಿನಂತೆ ಮೂಲೆಯ ಬೆಂಚಿಗೆ ಬಂದು ಕೂತ. ಕಾರಿನವರು ಮೂಗು ಮುಚ್ಚಿಕೊಂಡರು.

‘ಯಂಕಪ್ಪ, ಇವತ್ತ ಹೊರಗ ಕೂಡು’ ಅಂದೆ.

‘ಮಳಿ ಅದರೀ ಅಕ್ಕಾ.’

ನಾನು ಒರೆಸುವ ಬಟ್ಟೆ ಕೈಗೆತ್ತಿಕೊಂಡೆ. ಉಣ್ಣದೆ ಎದ್ದು ಹೋದ. ಬೆಂಚು ಒರೆಸಿ ಕಾರಿನವರನ್ನು ಕೂರಿಸಿದೆ.

ಅಕ್ಟೋಬರ್ ೩

ಜಾಗದ ಮಾಲೀಕ ಸೂರ್ಯಕಾಂತ ಬಂದ. ಹೊಟ್ಟೆ ತುಂಬ ಉಂಡ. ಕೈ ತೊಳೆಯುತ್ತ ಕಾರುಗಳನ್ನು ನೋಡಿದ.

‘ಪ್ರೇಮಲಾ, ದೀಪಾವಳಿ ಒಳಗ ಜಾಗಾ ಖಾಲಿ ಮಾಡು. ಫ್ಯಾಮಿಲಿ ರೆಸ್ಟೋರೆಂಟ್ ಮಾಡಾಕ ಹತ್ತೀನಿ.’

‘ನಾವು ಎಲ್ಲಿ ಹೋಗೂದ್ರಿ?’

‘ನಿಮ್ಮ ಅತ್ತಿ ಇರ್ಲಿ. ಮುದುಕಿ ಫೋಟೋದಾಗ ಚಂದ ಬರ್ತಾಳ. ನೀ ಬ್ಯಾಡ.’

ಅತ್ತೆ ತಲೆ ಎತ್ತಲಿಲ್ಲ. ಬಡಿಯುತ್ತಲೇ ಇದ್ದರು.

ಅಕ್ಟೋಬರ್ ೧೯

ಪಾತ್ರೆಗಳನ್ನು ರಸ್ತೆಗೆ ಇಟ್ಟೆ. ಯಂಕಪ್ಪ ಕುರಿ ಹೊಡೆದುಕೊಂಡು ಎದುರಿಗೇ ಹೋದ. ಕರೆದೆ. ನಿಲ್ಲಲಿಲ್ಲ.

ಅತ್ತೆ ಸೂರ್ಯಕಾಂತನ ಕೆಲಸಕ್ಕೆ ಅಲ್ಲೇ ಉಳಿದರು. ‘ಇಬ್ಬರೂ ಕೂತರ ಉಣ್ಣೂದು ಏನು?’ ಅಂದರು. ತಪ್ಪೇನಿಲ್ಲ... ಆದರೂ ನನ್ನ ಮುಖ ನೋಡಿ ಹೇಳಬಹುದಿತ್ತು.

ಡಿಸೆಂಬರ್ ೨೬, ಸಂಜೆ

ನಾನೀಗ ಕೆಲಸಕ್ಕೆ ಹೋಗುವ ಜಹೀರಾಬಾದಿನ ಬೇಳೆ ಮಿಲ್ಲಿಗೆ ಇವತ್ತು ರಜೆ. ಅತ್ತೆಗೆ ಕೈ ಸುಟ್ಟಿದೆ, ಮುಲಾಮು ಕೊಡೋಣವೆಂದು ಸೂರ್ಯಕಾಂತನ ರೆಸ್ಟೋರೆಂಟಿಗೆ ಹೋದೆ. ಕ್ರಿಸ್‌ಮಸ್ ರಜೆಯ ಗದ್ದಲ. ಅತ್ತೆ ಗಾಜಿನ ಕೋಣೆಯಲ್ಲಿ, ಇಳಕಲ್ ಸೀರೆ ಉಟ್ಟು, ಹಣೆ ತುಂಬ ವಿಭೂತಿ. ಮಕ್ಕಳು ಗಾಜು ತಟ್ಟುತ್ತಿದ್ದವು. ಅವರು ಬಡಿದ ರೊಟ್ಟಿ ನೋಡುವುದಕ್ಕೆ ಮಾತ್ರ. ಗಿರಾಕಿಗಳಿಗೆ ಬಡಿಸುವುದು ಹಿಂದಿನ ಕೋಣೆಯ ಮಷಿನ್ನಿನ ರೊಟ್ಟಿ.

ಸೂರ್ಯಕಾಂತ ನನ್ನನ್ನು ಕಂಡ. ಗಾಜಿನ ಬಾಗಿಲು ತೆರೆದು, ನನ್ನ ಗುರುತೇ ಇಲ್ಲದವನಂತೆ ಗಿರಾಕಿಗಳ ಮುಂದೆಯೇ ಕೇಳಿದ: ‘ಚಂದ್ರಾಬಾಯಿ, ಈಕಿ ಯಾರು? ಜಗಳಾ ತಗಿಯಾಕ ಬಂದಾಳೇನು?’

ಅತ್ತೆ ನನ್ನನ್ನು ನೋಡಿದರು. ಚೆನ್ನಾಗಿಯೇ ನೋಡಿದರು.

‘ಗೊತ್ತಿಲ್ರಿ’ ಅಂದರು.

ಮುಲಾಮು ಕೈಯಲ್ಲೇ ಉಳಿಯಿತು. ನಡೆದೇ ಮನೆಗೆ ಬಂದೆ.

ಅದೇ ದಿನ, ಎಂಟೂವರೆ

ಅತ್ತೆ ಬಂದರು. ಮುಖ ತೊಳೆದು ವಿಭೂತಿ ತೆಗೆದರು. ಉಳಿದ ರೊಟ್ಟಿ ಕಟ್ಟಿಸಿಕೊಂಡು ಬಂದಿದ್ದಾರೆ. ತಟ್ಟೆಗೆ ಹಾಕಿ ನನ್ನ ಮುಂದೆ ಸರಿಸಿದರು.

‘ಉಣ್ಣು.’

‘ಯಾರಿಗೆ ಹೇಳ್ತೀರಿ?’ ಅಂದೆ.

ಸುಟ್ಟ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡರು. ಆಮೇಲೆ ಮೆಲ್ಲಗೆ, ‘ಸಂಕ್ರಾಂತಿ ರಜಾದಾಗ ಇನ್ನೊಬ್ಬ ಮುದುಕೀನ ತರ್ತಾನಂತ. ನಾ ಮೊದಲಿನಂಗ ನಗಂಗಿಲ್ಲಂತ. ನೀನರ ನನ್ನ ಕೈ ಹಿಡೀತೀಯೇನು?’

ನಾನು ತಟ್ಟೆಯನ್ನು ಹಿಂದಕ್ಕೆ ತಳ್ಳಿ, ‘ಗೊತ್ತಿಲ್ರಿ’ ಅಂದೆ.