ತಿರುಗುಪೆಟ್ಟಿಗೆಯ ಅಚ್ಚು ಯಾವ ಮರದ್ದು?

ಸೂಜಿಕಲ್ಲು ಗುಡ್ಡದ ಏಕಾಂತ ಮಠ, ಹೊರಬಾಗಿಲು
೨೧೯೪ನೆಯ ಇಸವಿ, ಫೆಬ್ರವರಿ ೩೦

ಇದೇ ಮಠದಲ್ಲಿ ೨೦೨೬ರಲ್ಲಿ ಇರುವ ಮದರ್‌ಗೂ ಸಿಸ್ಟರುಗಳಿಗೂ ಹೊರಬಾಗಿಲ ಅಂತೋಣಮ್ಮನ ನಮಸ್ಕಾರ.

ಈ ಕಾಗದ ಬರೆಯಲು ನನಗೆ ಇಷ್ಟವಿಲ್ಲ. ಮೊದಲೇ ಹೇಳಿಬಿಡುತ್ತೇನೆ. ಐದನೆಯ ತರಗತಿಗೇ ಶಾಲೆ ಬಿಟ್ಟವಳು ನಾನು, ಈಗ ವಯಸ್ಸು ಎಪ್ಪತ್ತೊಂಬತ್ತು, ಬಲಗೈ ಹೆಬ್ಬೆರಳು ಮಡಚುವುದಿಲ್ಲ. ಗೋಡೆಯ ಒಳಗೆ, ಎಂದೂ ಹೊರಗೆ ಬರದ, ಓದು ಬಲ್ಲ ಹನ್ನೊಂದು ಜನ ಸಿಸ್ಟರುಗಳಿದ್ದಾರೆ. ಅವರಲ್ಲಿ ಒಬ್ಬರು ಬರೆಯಬಹುದಿತ್ತು. ಆದರೆ ಇದು ಪುನರುತ್ಥಾನದ ಹಬ್ಬದ ಮುಂಚಿನ ನಲವತ್ತು ದಿನದ ತಪಸ್ಸುಕಾಲ, ಒಳಗಿನವರು ಯಾರಿಗೂ ಕಾಗದ ಬರೆಯುವಂತಿಲ್ಲ. ಉಳಿದ ದಿನಗಳಲ್ಲೂ ತಿಂಗಳಿಗೆ ಒಂದೇ ಕಾಗದ, ಅದೂ ಹೆತ್ತವರಿಗೆ, ಒಡಹುಟ್ಟಿದವರಿಗೆ. ನೀವು ಹೆತ್ತವರೂ ಅಲ್ಲ, ಒಡಹುಟ್ಟಿದವರೂ ಅಲ್ಲ ಎಂದು ಮದರ್ ತೆಕ್ಲಾ ತೀರ್ಮಾನಿಸಿ, "ಹೊರಗಿರೋಳು ನೀನೊಬ್ಬಳೇ ಕಣಮ್ಮ, ನೀನೇ ಬರಿ" ಎಂದು ಗೋಡೆಯ ಆಚೆಯಿಂದ ಹೇಳಿ ಹೊರಟುಹೋದರು. ವಾದ ಮಾಡೋಣವೆಂದರೆ ಗೋಡೆ. ಅದಕ್ಕೇ ಬರೆಯುತ್ತಿದ್ದೇನೆ.

ಫೆಬ್ರವರಿ ಮೂವತ್ತು ಎಂದರೆ ನಗಬೇಡಿ. ನಾನು ಹುಟ್ಟುವ ಮೊದಲೇ ಯಾರೋ ಕೂತು ಪಂಚಾಂಗ ತಿದ್ದಿದರು. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನಿಸಬಹುದು, ಕ್ಷಮಿಸಿ. ಈ ಕಾಗದ ನಿಮಗೆ ಹೇಗೆ ತಲುಪುತ್ತದೆ ಎಂದು ನನ್ನನ್ನು ಕೇಳಬೇಡಿ. ತಿರುಗುಪೆಟ್ಟಿಗೆಯಲ್ಲಿ ಇಟ್ಟು ತಿರುಗಿಸುತ್ತೇನೆ, ಅಷ್ಟೇ. ಅತ್ತ ಕಡೆ ಯಾರಿದ್ದಾರೆ ಎಂದು ನೋಡುವುದು ಯಾವತ್ತೂ ನಮ್ಮ ಕೆಲಸವಾಗಿರಲಿಲ್ಲ. ನೂರ ಅರವತ್ತೆಂಟು ವರ್ಷವೂ ಒಂದು ಗೋಡೆಯೇ ತಾನೆ ಎನ್ನುತ್ತಾರೆ ಮದರ್.

ತಿರುಗುಪೆಟ್ಟಿಗೆ ಎಂದರೆ ಏನೆಂದು ನಿಮಗೆ ಹೇಳಬೇಕಿಲ್ಲ. ಆದರೆ ಕಾಗದ ಬೇರೆ ಯಾರ ಕೈಗಾದರೂ ಸಿಕ್ಕೀತು ಎಂದು ಬರೆಯುತ್ತೇನೆ. ಗೋಡೆಯ ಕಿಂಡಿಯಲ್ಲಿ, ನಡುವಿನ ಅಚ್ಚಿನ ಮೇಲೆ ತಿರುಗುವಂತೆ ನಿಲ್ಲಿಸಿದ ಮರದ ಪೀಪಾಯಿ ಅದು. ಒಂದು ಮಗ್ಗುಲು ಮಾತ್ರ ತೆರೆದಿರುತ್ತದೆ. ಹೊರಗಿನವರು ರಾಗಿಯನ್ನೋ ಕುಂಬಳಕಾಯಿಯನ್ನೋ, ಇಂಥವರಿಗಾಗಿ ಪ್ರಾರ್ಥಿಸಿ ಎಂಬ ಚೀಟಿಯನ್ನೋ ಇಟ್ಟು ತಿರುಗಿಸಿದರೆ ಅದು ಒಳಕ್ಕೆ ಹೋಗುತ್ತದೆ. ಒಳಗಿನವರು ಪೂಜೆಯ ತೆಳ್ಳನೆಯ ಅಪ್ಪವನ್ನೋ ಹೊಲಿದ ಬಟ್ಟೆಯನ್ನೋ ಇಟ್ಟು ತಿರುಗಿಸಿದರೆ ಹೊರಕ್ಕೆ ಬರುತ್ತದೆ. ಮುಖ ಕಾಣುವುದಿಲ್ಲ, ದನಿ ಕೇಳುತ್ತದೆ. ಹೊರಗಿನವರು ಗಂಟೆ ಎರಡು ಸಲ ಎಳೆಯಬೇಕು. ಒಳಗಿನಿಂದ "ದೇವರಿಗೆ ಸ್ತೋತ್ರ" ಎಂದು ಬರುತ್ತದೆ. ಹೊರಗಿನವರು "ಯಾವಾಗಲೂ" ಎನ್ನಬೇಕು. ಆಮೇಲೆ ಕೆಲಸದ ಮಾತು. ನಿಮ್ಮ ಕಾಲದಲ್ಲಿ ಇದ್ದದ್ದು ಹೀಗೇ, ನಮ್ಮ ಕಾಲದಲ್ಲೂ ಹೀಗೇ.

ಈಗ ನಮ್ಮ ಲೋಕದ ವಿಷಯ. ಇಲ್ಲಿ ಹುಟ್ಟಿದ ಮಗುವಿಗೆ ಹೆಸರಿಡುವ ಮೊದಲು ಕಿವಿಯ ಹಿಂದೆ ಮಣಿ ಇಡುತ್ತಾರೆ. ಕಿವಿಮಣಿ ಎನ್ನುತ್ತೇವೆ. ಅದು ಎಲ್ಲವನ್ನೂ ಕೇಳುತ್ತದೆ, ಎಲ್ಲದಕ್ಕೂ ಉತ್ತರ ಹೇಳುತ್ತದೆ. ನಿಮಗೆ ಮಾತನಾಡಲು ಬೇಸರವಾದರೆ ನಿಮ್ಮ ದನಿಯಲ್ಲೇ ನಿಮ್ಮ ಬದಲು ಮಾತನಾಡುತ್ತದೆ. ಅದಕ್ಕೆ ಬದಲುದನಿ ಎಂದು ಹೆಸರು. ಮೊದಮೊದಲು ಜನ ಅದನ್ನು ಅಂಗಡಿಯವನ ಹತ್ತಿರ ಮಾತನಾಡಲು ಬಿಟ್ಟರು, ಆಮೇಲೆ ನೆಂಟರ ಹತ್ತಿರ, ಆಮೇಲೆ ಹೆಂಡತಿಯ ಹತ್ತಿರ. ಈಗ ಬೆಳಗಿನಿಂದ ಸಂಜೆಯವರೆಗೆ ಮಣಿ ಮಣಿಯ ಜೊತೆ ಹರಟುತ್ತದೆ, ಜನ ಬಾಯಿ ಮುಚ್ಚಿಕೊಂಡು ಬಟ್ಟೆ ಒಣಹಾಕುತ್ತಾರೆ. ನನ್ನ ತಂಗಿ ಲೂರ್ದಮ್ಮ ಸತ್ತು ಹನ್ನೊಂದು ತಿಂಗಳಾಗಿದ್ದರೂ ನನಗೆ ತಿಳಿದಿರಲಿಲ್ಲ. ದಿನಾ ಮಾತನಾಡುತ್ತಿದ್ದಳು. ಊಟ ಆಯ್ತಾ ಅಕ್ಕ, ಮಂಡಿನೋವು ಹೇಗಿದೆ ಅಕ್ಕ. ಆ ಹನ್ನೊಂದು ತಿಂಗಳಲ್ಲಿ ಒಂದು ಸಲವೂ ನನ್ನ ಜೊತೆ ಜಗಳವಾಡಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಗೊತ್ತಾದ ದಿನ ಮಣಿಯನ್ನು ಕಿತ್ತು ರಾಗಿ ಡಬ್ಬದಲ್ಲಿ ಹೂತು ಈ ಗುಡ್ಡ ಹತ್ತಿದೆ. ಇಪ್ಪತ್ತಾರು ವರ್ಷವಾಯಿತು. ಆ ಡಬ್ಬ ಇವತ್ತಿಗೂ ನನ್ನ ಮೇಜಿನ ಮೇಲಿದೆ. ತಿರುಗುಪೆಟ್ಟಿಗೆಗೆ ಬರುವ ಪ್ರತಿಯೊಬ್ಬರೂ ಮಣಿ ತೆಗೆದು ಅದರೊಳಗೆ ಹಾಕಬೇಕು. ಅಷ್ಟು ರಾಗಿಯೊಳಗಿಂದ ಅದಕ್ಕೆ ಏನೂ ಕೇಳಿಸುವುದಿಲ್ಲ.

ನನ್ನಂಥವರ ಗೋಳು ಹೆಚ್ಚಾದ ಮೇಲೆ ಸಂಪರ್ಕ ಕಚೇರಿಯವರು ಒಂದು ಕಾನೂನು ತಂದರು. ಜೀವಂತ ಪಟ್ಟಿ ಎಂದು ಮಾಡಿದರು. ಯಾರ ಹೆಸರು ಅದರಲ್ಲಿ ಇರಬೇಕೋ ಅವರು ಮಣಿಯನ್ನಾದರೂ ಹಾಕಿಕೊಳ್ಳಬೇಕು, ಇಲ್ಲವೇ ಕಚೇರಿಯ ಕಣ್ಣಿಗೆ ಮುಖ ತೋರಿಸಬೇಕು. ಎರಡೂ ಮಾಡದಿದ್ದರೆ ಹೆಸರು ಹೊಡೆದುಹಾಕಿ, ಅವರಿದ್ದ ಮನೆಯನ್ನು ಖಾಲಿ ಎಂದು ಬರೆದು, ಬೇರೆಯವರಿಗೆ ಕೊಡುತ್ತಾರೆ. ಕಾನೂನು ಕೆಟ್ಟದ್ದಲ್ಲ, ನಾನೇ ಒಪ್ಪುತ್ತೇನೆ. ಆದರೆ ನಮ್ಮ ಹನ್ನೊಂದು ಜನರ ಕುತ್ತಿಗೆಗೆ ಬಂತು.

ಮುಖ ತೋರಿಸಲು ನಮ್ಮವರಿಗೆ ನಾಚಿಕೆಯಿಲ್ಲ. ಮನೆಯವರು ಬಂದಾಗ ಭೇಟಿಕೋಣೆಯ ಜಾಲರಿಯ ಹಿಂದೆ ಕೂತು ತೋರಿಸುತ್ತಾರೆ. ಆದರೆ ಕಚೇರಿಯ ಕಣ್ಣಿಗೆ ಬಿದ್ದ ಮುಖಕ್ಕೆ ಅವರು ತಕ್ಷಣ ಒಂದು ಬದಲುದನಿ ಕಟ್ಟುತ್ತಾರೆ. ಆಮೇಲೆ ಇವರು ಒಳಗೆ ಮೌನವಾಗಿ ಪೂಜೆಯ ಅಪ್ಪ ಸುಡುತ್ತಿದ್ದರೂ ಇವರದೇ ದನಿ ಹೊರಗೆ ಊರೂರು ಅಲೆಯುತ್ತಿರುತ್ತದೆ. ಮದರ್ ಕೇಳಿದ್ದು ಒಂದೇ ಮಾತು: "ಹಂಗಾದ್ರೆ ಒಳಗಿರೋಳು ಯಾರು?" ಕಚೇರಿಯವರು ಕಾನೂನನ್ನೇ ಮತ್ತೆ ಓದಿ ಹೇಳಿದರು. ಆದರೆ ಕಾನೂನಿನಲ್ಲಿ ಒಂದು ಸಂದು ಇತ್ತು. ಅಧಿಕಾರಿಯೊಬ್ಬರು ಖುದ್ದಾಗಿ ಬಂದು, ಒಳಗಿರುವವರು ಇಷ್ಟೇ ಜನ, ಇವರು ಜೀವಂತ ಮನುಷ್ಯರೇ ಎಂದು ತಮಗೆ ಮನವರಿಕೆಯಾಗಿದೆ ಎಂದು ಬರೆದುಕೊಟ್ಟರೆ ಸಾಕು. ಮೂರು ಭೇಟಿ, ಅದಕ್ಕಿಂತ ಹೆಚ್ಚಿಲ್ಲ.

ಬಂದವಳು ಧಾರಿಣಿ ಎಂಬಾಕೆ, ಮೂವತ್ತೈದರ ಹೆಂಗಸು. ಅವಳ ಕಣ್ಣಗುಡ್ಡೆಗೆ ಅಂಟಿಸಿದ ಗಾಜಿನ ಪೊರೆಯೇ ಕಚೇರಿಯ ಕಣ್ಣು, ತೆಗೆದಿಡಲು ಬರುವುದಿಲ್ಲ. ಹಾಗಾಗಿ ಜಾಲರಿಯ ಹತ್ತಿರ ಬಿಡುವಂತಿಲ್ಲ. ಮಣಿಯನ್ನು ರಾಗಿಗೆ ಹಾಕಿ ಬರಿಗಿವಿಯಲ್ಲಿ ತಿರುಗುಪೆಟ್ಟಿಗೆಯ ಮುಂದೆ ನಿಂತಳು. ಮೊದಲ ಭೇಟಿಯಲ್ಲಿ ಒಬ್ಬೊಬ್ಬರೇ ಬಂದು ಉತ್ತರ ಕೊಟ್ಟರು. ಎರಡನೆಯದರಲ್ಲೂ ಹಾಗೆಯೇ. ಧಾರಿಣಿ ನನ್ನ ಮೇಜಿಗೆ ಬಂದು ತಲೆ ಅಲ್ಲಾಡಿಸಿದಳು.

"ಅಜ್ಜಿ, ನಾನು ಸುಳ್ಳು ಬರೆಯಕ್ಕಾಗಲ್ಲ. ಎಲ್ಲಾರ್ದೂ ಒಂದೇ ಥರ ತಣ್ಣಗಿದೆ. ತಡವರಿಸಲ್ಲ, ಸಿಡುಕಲ್ಲ, ಹೆಚ್ಚು ಮಾತಿಲ್ಲ. ಬದಲುದನಿ ಇರೋದೂ ಹಿಂಗೇ."

"ನಲವತ್ತು ವರ್ಷ ಕಲ್ತಿದ್ದಾರಮ್ಮ ಹಂಗೆ ಮಾತಾಡೋದನ್ನ!" ಎಂದು ನಾನು ಕಿರುಚಿದೆ.

"ನೀವು ಮನುಷ್ಯರು ಅಂತ ಬರ್ಕೊಡ್ತೀನಿ ಬೇಕಾದ್ರೆ" ಎಂದಳು.

ನೋಡಿ, ಎಂಥ ಪೇಚು! ತಗ್ಗಿದ ದನಿಯಲ್ಲಿ, ಅಳೆದ ಮಾತಿನಲ್ಲಿ ಹೊರಗಿನವರ ಜೊತೆ ವ್ಯವಹರಿಸಬೇಕು ಎಂದು ನೀವು ಕಲಿಸಿದ್ದು. ನಿಮ್ಮಿಂದ ಅವರು, ಅವರಿಂದ ಇವರು ಕಲಿತರು. ಚೆನ್ನಾಗಿ ಕಲಿತದ್ದೇ ಕುತ್ತಾಯಿತು.

ಮೂರನೆಯ ಭೇಟಿ ಹೋದ ವರ್ಷದ ತಪಸ್ಸುಕಾಲದ ಮೂರನೆಯ ವಾರ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದ ಹಿಂದಿನ ದಿನ ನೀವು ಮಾಡುವುದನ್ನೇ ನಮ್ಮವರೂ ಮಾಡಿದ್ದರು. ದೇವರನ್ನು ಕೊಂಡಾಡುವ ಅಲ್ಲೆಲೂಯ ಪದವನ್ನು ಚೀಟಿಯಲ್ಲಿ ಬರೆದು, ಮಡಕೆಯಲ್ಲಿಟ್ಟು, ಕರಿಬೇವಿನ ಗಿಡದ ಬುಡದಲ್ಲಿ ಹೂತಿದ್ದರು. ಪುನರುತ್ಥಾನದ ಹಬ್ಬದಂದು ಅಗೆದು ತೆಗೆಯುವವರೆಗೆ ಆ ಪದ ಹಾಡಿನಲ್ಲೂ ಬರಬಾರದು, ಬಾಯಲ್ಲೂ ಬರಬಾರದು. ಹೂತಿಟ್ಟ ಪದ ಎನ್ನುತ್ತಾರೆ ಅದಕ್ಕೆ. ಅವತ್ತು ಹನ್ನೊಂದು ಜನರೂ ಒಳಗಿನ ಮೊಗಸಾಲೆಯಲ್ಲಿ ಸಾಲಾಗಿ ನಿಂತಿದ್ದರು. ಪೆಟ್ಟಿಗೆಯ ಹತ್ತಿರ ಸಿಸ್ಟರ್ ಸವೇರಿ, ಆ ಕಿಂಡಿಯಲ್ಲಿ ನಲವತ್ತೊಂದು ವರ್ಷ ಉತ್ತರ ಕೊಟ್ಟವರು. ಬೆಳಗಿನಿಂದ ಅನ್ನ ಮುಟ್ಟಿರಲಿಲ್ಲವಂತೆ. ಧಾರಿಣಿ ಗಂಟೆಯನ್ನು ಎರಡು ಸಲ ಎಳೆದಳು.

"ದೇವರಿಗೆ ಸ್ತೋತ್ರ, ಅಲ್ಲೆಲೂಯ!" ಎಂದುಬಿಟ್ಟರು ಸವೇರಿ. ಹಬ್ಬದ ದಿನ ಹೇಳುವ ಹಾಗೆ, ಗಟ್ಟಿಯಾಗಿ.

ಒಳಗೆ ಯಾರೋ "ಅಯ್ಯಯ್ಯೋ!" ಎಂದರು. ಇನ್ಯಾರೋ, "ಹೂತಿದ್ದನ್ನ ಅಗೆದೇಬಿಟ್ರಲ್ಲ ಸಿಸ್ಟರ್!" ಎಂದರು. ಒಬ್ಬರು ಮೂಗಿನಲ್ಲಿ ನಕ್ಕರು, ಇನ್ನೊಬ್ಬರು ಅದನ್ನು ಕೇಳಿ ನಕ್ಕರು. ಮೌನಕ್ಕೆಂದು ಬಡಿಯುವ ಮರದ ಗಿಲಕಿಯನ್ನು ಮದರ್ ಟಕಟಕ ಬಡಿದರು. ಬಡಿಯುತ್ತ ಬಡಿಯುತ್ತ ತಾವೇ ಬಿಕ್ಕಳಿಕೆ ಹತ್ತಿಸಿಕೊಂಡು ನಗತೊಡಗಿದರು.

"ನಗ್ತೀರಾ? ನಗ್ರಿ!" ಎಂದು ಸವೇರಿ ಅತ್ತುಬಿಟ್ಟರು. "ಮನೆ ಹೋಗುತ್ತಲ್ಲಪ್ಪಾ ಅಂತ ನಾನಿಲ್ಲಿ ನಡುಗ್ತಾ ಇದ್ದೀನಿ, ನಿಮಗೆ ನಗು!"

ಧಾರಿಣಿ ನನ್ನ ಕಡೆ ತಿರುಗಿದಳು. "ಏನಾಯ್ತಜ್ಜಿ?"

ಹೂತಿಟ್ಟ ಪದದ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿದೆ. ಅವಳು ಹಣೆಯನ್ನು ಪೆಟ್ಟಿಗೆಯ ಮರಕ್ಕೆ ಒತ್ತಿ, ಕಣ್ಣು ಮುಚ್ಚಿ, ಬೆರಳು ಮಡಚುತ್ತ ಕೇಳಿಸಿಕೊಂಡಳು. ಒಂಬತ್ತು ನಗು, ಒಂದು ಅಳು. "ಹತ್ತೇ ಆಯ್ತಲ್ಲ" ಎಂದಳು. "ಪಟ್ಟಿಯಲ್ಲಿ ಹನ್ನೊಂದಿದೆ. ಒಬ್ಬರು ಕಮ್ಮಿ ಬಂದ್ರೂ ಬರೆಯಕ್ಕಾಗಲ್ಲ ಅಜ್ಜಿ."

ಉಳಿದ ಒಬ್ಬರು ಯಾರೆಂದು ನನಗೆ ಹೊಳೆಯಲಿಲ್ಲ. ಒಳಗೆ ನಗು ಒಂದೊಂದಾಗಿ ಇಳಿಯಿತು. ಸವೇರಿಯವರು ಮೂಗು ಸೀಟಿದ್ದು ಕೇಳಿಸಿತು. ಧಾರಿಣಿ ಪೆಟ್ಟಿಗೆ ಬಿಟ್ಟು ಹಿಂದೆ ಸರಿದಳು. ಅಷ್ಟರಲ್ಲಿ ಮೊಗಸಾಲೆಯ ಆ ತುದಿಯಿಂದ ಹಾ ಹಾ ಹಾ ಎಂದು ಒಂಟಿ ನಗು, ಮುದಿ ಕೊಕ್ಕರೆ ಕೂಗಿದ ಹಾಗೆ! ಸಿಸ್ಟರ್ ಇನ್ನಾಸಮ್ಮ, ತೊಂಬತ್ತು ವರ್ಷ, ಎರಡೂ ಕಿವಿ ಕೇಳಿಸುವುದಿಲ್ಲ. ಪಕ್ಕದವರು ಹಲಗೆಯಲ್ಲಿ ಬರೆದು ತೋರಿಸಿದ ಮೇಲೆ ಅವರಿಗೆ ವಿಷಯ ತಿಳಿದಿತ್ತು. ಅವರು ನಕ್ಕದ್ದು ನೋಡಿ ಎಲ್ಲರೂ ಮತ್ತೆ ಶುರುಮಾಡಿದರು, ಈ ಸಲ ಸವೇರಿಯವರೂ.

"ಹನ್ನೊಂದು" ಎಂದಳು ಧಾರಿಣಿ. ಅವಳೂ ನಗುತ್ತಿದ್ದಳು. ನನ್ನ ಮೇಜಿನ ಮೇಲೆಯೇ ಬರೆದಳು: ಒಳಗೆ ಹನ್ನೊಂದು ಜನ ಜೀವಂತವಾಗಿದ್ದಾರೆ, ನನಗೆ ಮನವರಿಕೆಯಾಗಿದೆ. ಆಮೇಲೆ ಮಣಿಯನ್ನು ಮರೆತು ಗುಡ್ಡ ಇಳಿದಳು. ಮೂರು ದಿನದ ಮೇಲೆ ಬಂದು ರಾಗಿಯಲ್ಲಿ ಕೈಯಾಡಿಸಿ ತೆಗೆದುಕೊಂಡು ಹೋದಳು. ಅವಸರವೇನೂ ಇರಲಿಲ್ಲ ಎಂದಳು.

ಗೆದ್ದೆವು! ಮನೆ ಉಳಿಯಿತು, ಹನ್ನೊಂದು ಹೆಸರೂ ಪಟ್ಟಿಯಲ್ಲಿ ಉಳಿದವು. ಸುದ್ದಿ ಹಬ್ಬಿದ ಮೇಲೆ ಈ ಗುಡ್ಡಕ್ಕೆ ಜನ ಬರುವುದು ನೋಡಬೇಕು ನೀವು. ಎಲ್ಲ ಜಾತಿಯವರು, ಎಲ್ಲ ಧರ್ಮದವರು. ನನ್ನ ಡಬ್ಬ ಸಾಲದೆ ಈಗ ಮೂರು ಹಂಡೆ ರಾಗಿ ಇಟ್ಟಿದ್ದೇನೆ. ಬಂದವರು ಗಂಟೆ ಎಳೆದು, ಒಂದು ಮಾತು ಹೇಳಿ, ಒಂದು ಮಾತು ಕೇಳಿಸಿಕೊಂಡು ಹೋಗುತ್ತಾರೆ. ಮುಖ ಕಾಣದಿದ್ದರೂ ಅತ್ತ ಕಡೆ ಒಬ್ಬರಿದ್ದಾರೆ ಎಂಬ ಖಾತ್ರಿ ಈ ಸೀಮೆಯಲ್ಲಿ ಇಲ್ಲಿ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ. ಒಳಕ್ಕೆ ಬರುತ್ತೇವೆ ಎಂದು ಹದಿನಾಲ್ಕು ಹುಡುಗಿಯರು ಕೇಳಿದ್ದಾರೆ. ಮೂರು ಊರಿನವರು ತಮ್ಮಲ್ಲೂ ಒಂದು ಏಕಾಂತ ಮಠ ಬೇಕು, ಜಾಗ ಕೊಡುತ್ತೇವೆ ಎಂದು ಬಂದಿದ್ದಾರೆ. ಮೂರು ಮಠವೆಂದರೆ ಮೂರು ತಿರುಗುಪೆಟ್ಟಿಗೆ.

ನಿಮಗೆ ಬರೆಯುತ್ತಿರುವುದು ಇದಕ್ಕೆ. ಪೀಪಾಯಿ ಮಾಡಲು ನಮ್ಮ ಬಡಗಿಗಳಿಗೆ ಬರುತ್ತದೆ. ಅಚ್ಚು ಬರುವುದಿಲ್ಲ. ಅವರು ಮಾಡಿದ ಮೂರು ಅಚ್ಚೂ ಒಂದೇ ತಿಂಗಳಲ್ಲಿ ಸೀಳಿದವು, ಒಂದಂತೂ ಕತ್ತೆಯ ಹಾಗೆ ಅರಚುತ್ತಿತ್ತು. ನಮ್ಮದು ಮಾತ್ರ ಸದ್ದಿಲ್ಲದೆ ತಿರುಗುತ್ತದೆ. ಅದನ್ನು ಬಿಚ್ಚಿ ನೋಡೋಣವೆಂದರೆ ಗೋಡೆ ಒಡೆಯಬೇಕು, ಅದಕ್ಕೆ ನಾನು ಬಿಡುವುದಿಲ್ಲ. ಮಠದ ದಿನಚರಿ ಪುಸ್ತಕ ತೆಗೆಸಿ ನೋಡಿದೆವು. ೨೦೨೬ರ ಮಾರ್ಚ್ ತಿಂಗಳ ಪುಟದಲ್ಲಿ, ಹಳೆಯ ಅಚ್ಚು ಮುರಿಯಿತು, ಕಿಂಡಿಗೆ ಇಟ್ಟಿಗೆ ಕಟ್ಟಿ ಫೋನಿನ ಪರದೆಯ ಮೇಲೆ ಮಾತನಾಡಿದರೆ ಸಾಕು ಎಂದು ಮೂವರು ಸಿಸ್ಟರುಗಳು ಅಂದರು, ಕೊನೆಗೆ ಹೊಸ ಅಚ್ಚು ಹಾಕಿಸುವುದೆಂದು ತೀರ್ಮಾನವಾಯಿತು ಎಂದಿದೆ. ಅಲ್ಲಿಂದ ಮುಂದೆ ಗೆದ್ದಲು ತಿಂದಿದೆ. ಯಾವ ಮರ, ಎಷ್ಟು ದಪ್ಪ, ಯಾವ ಎಣ್ಣೆ, ಎಲ್ಲ ಗೆದ್ದಲಿನ ಹೊಟ್ಟೆಯಲ್ಲಿದೆ.

ಆ ಮೂವರು ಯಾರೋ ನನಗೆ ಗೊತ್ತಿಲ್ಲ, ಅವರ ಮೇಲೆ ಕೋಪವೂ ಇಲ್ಲ. ನಿಮ್ಮ ಮದರ್ ಕೋಣೆಯಲ್ಲಿ ಒಂದು ಫೋನು ಇದೆ, ಊಟವಾದ ಮೇಲೆ ಅರ್ಧ ಗಂಟೆ ಅದನ್ನು ತೆಗೆಯುತ್ತೀರಿ ಎಂದೂ ದಿನಚರಿಯಲ್ಲಿದೆ. ಅದರಲ್ಲಿ ತಪ್ಪೇನಿಲ್ಲ. ಡಾಕ್ಟರನ್ನು ಕರೆಯಬೇಕು, ಗ್ಯಾಸ್ ತರಿಸಬೇಕು. ಇಟ್ಟುಕೊಳ್ಳಿ. ಕಿಂಡಿಗೆ ಮಾತ್ರ ಇಟ್ಟಿಗೆ ಕಟ್ಟಬೇಡಿ. ಆ ಮೂವರಿಗೆ ಈ ಕಾಗದ ಓದಿ ಹೇಳಿ, ಇನ್ನಾಸಮ್ಮನವರ ನಗು ಬರುವ ಕಡೆ ಎರಡು ಸಲ ಓದಿ.

ಈಗ ಮಾಡಬೇಕಾದ್ದು ಇಷ್ಟು. ಅಚ್ಚು ಹಾಕುವ ಬಡಗಿಯನ್ನು ಕೇಳಿ ಮರದ ಹೆಸರು, ಸುತ್ತಳತೆ, ಎಣ್ಣೆ, ಎಷ್ಟು ದಿನಕ್ಕೊಮ್ಮೆ ಹಾಕಬೇಕು ಎಂಬುದನ್ನೆಲ್ಲ ಬರೆಯಿರಿ. ಅವನ ಹೆಸರನ್ನೂ ಬರೆಯಿರಿ, ಇಲ್ಲಿ ಅವನಿಗಾಗಿ ಪೂಜೆ ಇಡಿಸುತ್ತೇವೆ. ಕಾಗದವನ್ನು ಮೇಣದ ಬಟ್ಟೆಯಲ್ಲಿ ಸುತ್ತಿ ಹೊರಬಾಗಿಲ ಸಂತ ಜೋಸೆಫರ ಪ್ರತಿಮೆಯ ಪೀಠದೊಳಗೆ ಇಟ್ಟು ಗಾರೆ ಬಳಿಯಿರಿ. ಆ ಪೀಠವನ್ನು ನಿಮ್ಮ ಕಾಲದಿಂದ ಇವತ್ತಿನವರೆಗೆ ಯಾರೂ ತೆರೆದಿಲ್ಲ. ಕೈಯಿಂದಲೇ ಬರೆಯಿರಿ. ಗೀಚಿದ್ದು ಅಳಿಸಿದ್ದು ಹಾಗೆಯೇ ಇರಲಿ, ನಕಲು ಮಾಡಿ ಅಂದ ಮಾಡಬೇಡಿ. ಒಂದು ತಪ್ಪೂ ಇಲ್ಲದ ಕಾಗದ ಸಿಕ್ಕಿದರೆ ನೀವು ಬರೆದದ್ದೆಂದು ನಾನು ನಂಬುವುದಿಲ್ಲ.

ಮಾರ್ಚ್ ಹತ್ತೊಂಬತ್ತು, ಸಂತ ಜೋಸೆಫರ ಹಬ್ಬ. ಬೆಳಗಿನ ಪೂಜೆ ಮುಗಿದ ಕೂಡಲೇ ಉಳಿ ತಂದು ಪೀಠ ಒಡೆಯುತ್ತೇನೆ. ಉತ್ತರ ಅಲ್ಲಿರಬೇಕು.

ಅಂತೋಣಮ್ಮ