ಕಾಟು ಹೊಡೆಯದ ಫೈಲು

ಹುಬ್ಬಳ್ಳಿ, ಫೆಬ್ರವರಿ ೩೦, ೨೧೭೬

ಡಾ. ಫಕೀರಗೌಡ ಹೊಸಕೇರಿಯವರಿಗೆ,

ತಾರೀಖು ನೋಡಿ ನಗಬೇಡಿ. ಕ್ಯಾಲೆಂಡರ್ ತಿದ್ದಿದ ಮೇಲೆ ನಮಗೆ ಆ ದಿನವೂ ಇದೆ. ಈ ಪತ್ರವನ್ನು ನೂರೈವತ್ತು ವರ್ಷ ಹಿಂದಕ್ಕೆ, ನಿಮ್ಮ ಕಾಲಕ್ಕೇ ಕಳಿಸುತ್ತಿದ್ದೇನೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರ ಎನಿಸಬಹುದು, ಅದಕ್ಕೆ ಕ್ಷಮೆ ಇರಲಿ. ಉಳಿದ ಯಾವುದಕ್ಕೂ ನಾನು ಕ್ಷಮೆ ಕೇಳುವವಳಲ್ಲ.

ನಿಮ್ಮ ಹಾರ್ಟ್ ಕೇರ್ ಸೆಂಟರಿಗೆ ನೂರೈವತ್ತು ವರ್ಷ ತುಂಬಿದೆ. ಅದರ ಚರಿತ್ರೆ ಬರೆಯಲು ನನ್ನನ್ನು ನೇಮಿಸಿದ್ದಾರೆ. ಹಜಾರದಲ್ಲಿ ನಿಮ್ಮ ಆಳೆತ್ತರದ ಪಟವಿದೆ. ಅದರ ಕೆಳಗೆ ನಿಮ್ಮದೇ ಮಾತು: 'ನಮ್ಮ ಫೈಲಿನಲ್ಲಿ ಕಾಟು ಇರುವುದಿಲ್ಲ.' ಬರೆದದ್ದನ್ನು ಗೀಟೆಳೆದು ತಿದ್ದುವ ಪ್ರಸಂಗವೇ ಬರುವುದಿಲ್ಲ ಎಂಬ ಹೆಮ್ಮೆ ಅದು. ಬಂದವರೆಲ್ಲ ಅದನ್ನು ಓದಿ ಕೈಮುಗಿಯುತ್ತಾರೆ. ನನಗೆ ಮೈ ಉರಿಯುತ್ತದೆ.

ಈಗ ಪ್ರತಿ ಮನೆತನಕ್ಕೂ ಒಂದು ಎದೆಪಟ್ಟಿ ಇದೆ. ಹಿರಿಯರ ಹೃದಯದ ವರದಿ ಮಕ್ಕಳಿಗೂ ಮೊಮ್ಮಕ್ಕಳಿಗೂ ಇಳಿದು ಬರುವ ದಾಖಲೆ ಅದು. ಅದರಲ್ಲಿ ದೋಷವಿದ್ದರೆ ಓಡುವಂತಿಲ್ಲ, ಈಜುವಂತಿಲ್ಲ, ಮೆಟ್ಟಿಲು ಹತ್ತಲೂ ಚೀಟಿ ಬೇಕು. ನಮ್ಮ ಮನೆಯಲ್ಲಿ ಆರು ತಲೆಮಾರಿನಿಂದ ಯಾರೂ ಓಡಿಲ್ಲ. ಬಸ್ಸು ಹೊರಟರೆ ನಿಂತು ನೋಡುತ್ತೇವೆ. ಮದುವೆಗಳಲ್ಲಿ ನಮ್ಮನ್ನು ಕುಣಿಯಲು ಯಾರೂ ಎಳೆಯುವುದಿಲ್ಲ, ಪಾಯಸವನ್ನು ಕುಳಿತಲ್ಲಿಗೇ ತಂದುಕೊಡುತ್ತಾರೆ. ನನ್ನ ಒಂಬತ್ತು ವರ್ಷದ ಮಗಳು ಮಿಂಚವ್ವ ಕಿಟಕಿಯಲ್ಲಿ ಕುಳಿತು ಬೇರೆ ಮಕ್ಕಳ ಓಟ ನೋಡುತ್ತಾಳೆ. ಅವಳನ್ನು ಹೊಸದಾಗಿ ಪರೀಕ್ಷೆ ಮಾಡಿ ಎಂದರೆ ಸೆಂಟರಿನವರು ಒಪ್ಪುವುದಿಲ್ಲ. ಕಾಟಿಲ್ಲದ ಫೈಲಂತೆ, ಅದರಲ್ಲಿ ತಪ್ಪಿರಲು ಸಾಧ್ಯವೇ ಇಲ್ಲವಂತೆ.

ಎಲ್ಲ ಶುರುವಾದದ್ದು ನಿಮ್ಮ ಮೊದಲ ಉಚಿತ ಶಿಬಿರದಲ್ಲಿ. ಅದನ್ನು ನೀವು ನಿನ್ನೆ ತಾನೇ ಮುಗಿಸಿದ್ದೀರಿ. ಓರಗಿತ್ತಿಯರಿಬ್ಬರು ಬಂದಿದ್ದರು: ನನ್ನ ಮುತ್ತಜ್ಜಿಯ ಅಜ್ಜಿ ನೀಲವ್ವ, ಅವಳ ಜೊತೆ ಗಿರಿಜವ್ವ. ನಿಮ್ಮ ಟೆಕ್ನಿಷಿಯನ್ ಮೌನೇಶ ಬಡಿಗೇರ ಇಸಿಜಿ ಕಾಗದಗಳನ್ನು ಆಗಿಂದಾಗಲೇ ಅವರವರ ಫೈಲಿಗೆ ಅಂಟಿಸಲಿಲ್ಲ. ನಿಮ್ಮ ಪದ್ಧತಿಯಂತೆ, ಊಟವಾದ ಮೇಲೆ ಎಲ್ಲವನ್ನೂ ಒಟ್ಟಿಗೆ ಅಂಟಿಸಿದ. ಇವರಿಬ್ಬರದು ಅದಲುಬದಲಾಯಿತು. ಸಂಜೆ ಅವನೇ ಗುರುತಿಸಿ ನಿಮ್ಮ ಬಳಿ ಓಡಿಬಂದ. ಆಗ ನೀವು ಹೇಳಿದ್ದನ್ನು ಮುಂದೆ ರಾಜೀನಾಮೆ ಪತ್ರದಲ್ಲಿ ಹಾಗೇ ಬರೆದಿಟ್ಟಿದ್ದಾನೆ:

"ಸುಮ್ನಿರೋ ಮೌನ್ಯಾ. ಮೊದಲ್ನೇ ಶಿಬಿರದಾಗ ಕಾಟು ಹೊಡದ್ರ ಮಂದಿ ಏನಂದಾರು? ಇಬ್ಬರೂ ಗಟ್ಟಿ ಅದಾರ, ಏನೂ ಆಗಂಗಿಲ್ಲ."

ಗಿರಿಜವ್ವ ಗಟ್ಟಿಯಿಲ್ಲ. ನಿಮ್ಮ ವರದಿ ನಂಬಿದ ಅವಳು ಇನ್ನು ಎಂಟು ದಿನಕ್ಕೆ ನೀರಿನ ಕೊಡ ಹೊತ್ತಲ್ಲೇ ಬಿದ್ದು ಸಾಯುತ್ತಾಳೆ. ಏನೂ ರೋಗವಿಲ್ಲದ ನೀಲವ್ವ ತೊಂಬತ್ತೊಂದು ವರ್ಷದವರೆಗೆ ಮಂಚ ಬಿಟ್ಟು ಇಳಿಯಲು ಹೆದರುತ್ತಾ ಬದುಕುತ್ತಾಳೆ. ನಿಮಗೆ ಮಾತ್ರ ಪಟ, ಹಾರ!

ಈ ಪತ್ರ ಕೈಸೇರಿದ ಕೂಡಲೇ ಪೆನ್ನು ತೆಗೆದು ಎರಡು ಫೈಲಿಗೂ ಕಾಟು ಹೊಡೆಯಿರಿ. ಆಮೇಲೆ ಗಿರಿಜವ್ವನ ಮನೆಗೆ ನೀವೇ ಹೋಗಿ. ಹೆಸರು ಕೆಟ್ಟರೆ ಕೆಡಲಿ. ಚರಿತ್ರೆಯಲ್ಲಿ ನಿಮ್ಮನ್ನು ಹೊಗಳಿ ಬರೆದಿದ್ದ ಮೊದಲ ಪುಟಕ್ಕೆ ನಾನಂತೂ ಕಾಟು ಹೊಡೆದಿದ್ದೇನೆ.

ಮಿಂಚವ್ವ ಬೂಟು ಹಾಕಿಕೊಂಡು ಹೊಸ್ತಿಲಲ್ಲಿ ಕೂತಿದ್ದಾಳೆ.

ಇಂತಿ,
ನೀಲವ್ವನ ಮನೆತನದ ಹೊನ್ನಕ್ಕ