ಹಸಿರು ಹಕ್ಕಿಯ ಕತೆಗೆ ಹೂಂಗುಟ್ಟುವುದು

ಅಂದಾನಪ್ಪ,

ಹಸಿರು ಹಕ್ಕಿಯ ಕತೆಯನ್ನು ನೀಲಗಂಗವ್ವ ಮೊದಲು ಹೇಳತೊಡಗಿದ್ದು ನಿನ್ನೆ, ೧೯೬೧ರ ಜನವರಿ ಎಂಟರ ಸಂಜೆ, ನಮ್ಮ ಜಗುಲಿಯಲ್ಲಿ, ಓಣಿಯವರೆಲ್ಲ ಕಂಬಳಿ ಹೊದ್ದು ಕೂತಿದ್ದಾಗ. ಅದನ್ನು ಬಲ್ಲವಳು ಈಗ ಆಕೆಯೊಬ್ಬಳೇ. ಹೂಂಗುಟ್ಟಲು ಕೂತವನು ನೀನು.

ಹಕ್ಕಿಯ ಉದ್ದ ಬಾಲದ ಮಾತು ಬಂದದ್ದೇ ತಡ, "ಕ್ವೆಟ್ಸಲ್! ಕ್ಯೂನೂ ಐತಿ, ಝಡ್ಡೂ ಐತಿ!" ಎಂದು ನೀನು ಕಿರುಚಿದೆ. ಅದು ಅಮೆರಿಕದ ಕಾಡಿನ ಉದ್ದ ಬಾಲದ ಹಸಿರು ಹಕ್ಕಿ, ಕ್ವಾರ್ಟ್ಝ್ ಎಂದರೆ ಬೆಣಚುಕಲ್ಲು, ಕ್ವಿಝಿಕಲ್ ಎಂದರೆ ಗೇಲಿಯ ನೋಟ ಎಂದು ನಿನ್ನ ಇಂಗ್ಲಿಷ್ ಪದಬಂಧದ ಸರಕನ್ನೆಲ್ಲ ಒದರಿದೆ. ಆ ಪದಗಳನ್ನು ಮುದುಕಿಯಿಂದಲೂ ಹೇಳಿಸಿ, ಆಕೆಯ ನಾಲಿಗೆ ತೊಡರಿದಾಗ ನಕ್ಕೆ.

ನೀನು ನಿಘಂಟು ತರಲು ಒಳಗೆ ಓಡಿದಾಗ ಆಕೆ ನನಗೆ ಹೇಳಿದಳು: "ನನ್ನ ಹಕ್ಕಿಗೆ ಹೆಸರಿಲ್ಲೋ ಯಪ್ಪಾ. ಹೂಂ ಅನ್ನಾಕ ಕುಂತಾಂವ ಅವ. ಅವನಽ ಬಂದು ಹೂಂ ಅನ್ನೂಮಟ ಹಕ್ಕಿ ಟೊಂಗಿ ಬಿಟ್ಟು ಏಳೂದಿಲ್ಲ."

ರೊಟ್ಟಿ ಒಲೆಯ ಬಳಿ ಇದೆ. ತಿಂದು ಆಕೆಯ ಮನೆಗೆ ಹೋಗಿ ತಪ್ಪಾಯಿತು ಎನ್ನು. ನಾನು ಶಿರಸಿಯಿಂದ ಮರಳುವಷ್ಟರಲ್ಲಿ ಆಕೆ ಜಗುಲಿಯಲ್ಲಿರಬೇಕು. ಆಮೇಲೆ ಕತೆ ಮುಗಿಯುವವರೆಗೆ ಹೂಂ ಎಂಬುದನ್ನು ಬಿಟ್ಟು ಬೇರೊಂದು ಪದ ಆಡಿದರೆ ನಿನಗೆ ಈ ಮನೆಯಲ್ಲಿ ಜಾಗವಿಲ್ಲ.

ನಿಘಂಟು ಹಿಡಿದು ನೀನು ಹೊರಗೆ ಬಂದಾಗ ಜಗುಲಿ ಏಕೆ ಖಾಲಿಯಿತ್ತೆಂದು ಕೇಳಿದೆಯಲ್ಲ? ಯಾರೂ ನಿನ್ನನ್ನು ಬೈಯಲಿಲ್ಲ. ಕತೆಯನ್ನು ಅಲ್ಲಿಗೇ ಬಿಟ್ಟು ಮೊದಲು ನೀಲಗಂಗವ್ವ ಎದ್ದಳು; ಹಿಂದೆಯೇ ಕಂಬಳಿ ಕೊಡವಿಕೊಂಡು ಎಲ್ಲರೂ ಎದ್ದು ಮನೆಗೆ ಹೋದರು.

ನಿನ್ನ ಅಣ್ಣ,
ಮಧುಕೇಶ್ವರ